ನಡುದಾರಿಯಲ್ಲಿ ತಂತ್ರಾಂಶ ಬದಲಿಸಬೇಕೇ?

ವಾರ್ಷಿಕೋತ್ಸವದ ಕಾಲ ಸಮೀಪಿಸಿದಂತೆ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸ್ಮರಣ ಸಂಚಿಕೆಯ ಸಿದ್ಧತೆ ಆರಂಭವಾಗುತ್ತದೆ. ಲೇಖನಗಳು ಕೈಸೇರಿ ಅರ್ಧದಷ್ಟು ಪುಟಗಳ ವಿನ್ಯಾಸ ಮುಗಿದಿರುವಾಗ ಹಳೆಯ ವಿದ್ಯಾರ್ಥಿಯೊಬ್ಬರು ಸದುದ್ದೇಶದಿಂದಲೇ ಕೇಳುತ್ತಾರೆ: ‘ಇನ್ನೂ ಪೇಜ್‌ಮೇಕರ್ ಏಕೆ? ಹೊಸ ಇನ್‌ಡಿಸೈನ್‌ಗೆ ವರ್ಗಾಯಿಸಬಾರದೇ?’ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಆ ಕ್ಷಣದಿಂದ ಎರಡು ಪಕ್ಷ. ಈ ಪ್ರಶ್ನೆಗೆ ಉತ್ತರ ಹೊಸತರ ಮೋಹದಲ್ಲೂ ಇಲ್ಲ, ಹಳೆಯದರ ಮಮತೆಯಲ್ಲೂ ಇಲ್ಲ.

ನ್ಯಾಯಾಲಯಗಳು ಇಂಥದೇ ಪ್ರಶ್ನೆಯನ್ನು ಇತ್ತೀಚೆಗೆ ಎದುರಿಸಿವೆ. 2024ರ ಜುಲೈ 1ರಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿತು. ಅಂದು ದೇಶದಾದ್ಯಂತ ವಿಚಾರಣೆಯಲ್ಲಿದ್ದ ಮೊಕದ್ದಮೆಗಳ ಗತಿಯೇನು? ಹೊಸ ಸಂಹಿತೆಯ 531ನೆಯ ಕಲಮು ಅದನ್ನು ಸ್ಪಷ್ಟಪಡಿಸಿದೆ. ಆ ದಿನಕ್ಕೆ ಮೊದಲೇ ಬಾಕಿಯಿದ್ದ ತನಿಖೆ, ವಿಚಾರಣೆ, ಮೇಲ್ಮನವಿಗಳು ಹಳೆಯ ಸಂಹಿತೆಯಂತೆಯೇ ಮುಗಿಯಬೇಕು. ಇದು ಹೊಸ ವಿವೇಕವಲ್ಲ; 1897ರ ಸಾಮಾನ್ಯ ಖಂಡಗಳ ಅಧಿನಿಯಮದ 6ನೆಯ ಕಲಮಿನಲ್ಲಿಯೂ ಇದರ ಬೇರುಗಳಿವೆ. ಅರ್ಧ ನಡೆದ ಕಾರ್ಯವನ್ನು ನಂಬಿ ನಿಂತವರಿಗೆ ನಡುವೆ ನಿಯಮ ಬದಲಾದರೆ ಅನ್ಯಾಯವಾಗುತ್ತದೆ ಎಂಬುದೇ ಇದರ ತಾತ್ಪರ್ಯ.

ಸ್ಮರಣ ಸಂಚಿಕೆಯ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಅದರ ಕಡತಗಳನ್ನು ಇನ್‌ಡಿಸೈನ್‌ನ ಸಿಎಸ್ 6ರವರೆಗಿನ ಆವೃತ್ತಿಗಳು ತೆರೆಯುತ್ತಿದ್ದವು, ನಂತರದವು ತೆರೆಯುವುದಿಲ್ಲ. ತೆರೆದರೂ ಕನ್ನಡಕ್ಕೆ ಬೇರೊಂದು ತೊಡಕಿದೆ. ಹಳೆಯ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ ಅದರದೇ ಸ್ಥಾನಗಳಿವೆ. ಆದುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ಪರಿವರ್ತಕವೊಂದು ಬೇಕು. ಅರ್ಕಾವೊತ್ತು, ಒತ್ತಕ್ಷರಗಳು ಸ್ಥಾನಪಲ್ಲಟಗೊಳ್ಳುವುದೂ, ನಡುವೆ ಬಂದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗುವುದೂ ಅಲ್ಲಿಯೇ. ಸಾಲುಗಳ ಉದ್ದ ಬದಲಾಗುವುದರಿಂದ ಪರಿವಿಡಿಯ ಪುಟಸಂಖ್ಯೆಗಳೂ ತಪ್ಪುತ್ತವೆ. ಎರಡು ಬಾರಿ ಕರಡು ತಿದ್ದಿದ ಶಿಕ್ಷಕಿ ಮೂರನೆಯ ಬಾರಿ ಮೊದಲ ಪುಟದಿಂದ ಆರಂಭಿಸಬೇಕಾಗುತ್ತದೆ. ದಾನಿಯೊಬ್ಬರ ಅಥವಾ ಅಗಲಿದ ಗುರುವೊಬ್ಬರ ಹೆಸರು ವಿಕಾರವಾಗಿ ಅಚ್ಚಾದರೆ, ಆ ಮನೆಯವರ ನೋವಿಗೆ ತಂತ್ರಾಂಶದ ನೆಪ ಸಮಾಧಾನವಾಗದು.

ಹಾಗೆಂದು ಹಳೆಯದಕ್ಕೆ ಅಂಟಿಕೊಂಡೇ ಇರಬೇಕೆಂದು ನನ್ನ ವಾದವಲ್ಲ. ನಡುವೆಯೇ ವರ್ಗಾಯಿಸುವುದು ಮೂರು ಸಂದರ್ಭಗಳಲ್ಲಿ ಯುಕ್ತ. ಒಂದು, ಹಳೆಯ ಗಣಕಯಂತ್ರ ಕೆಡುವ ಸ್ಥಿತಿಯಲ್ಲಿದ್ದು, ಬೇರೆಡೆ ಆ ತಂತ್ರಾಂಶ ದೊರೆಯದಿದ್ದರೆ. ಎರಡು, ಮುಗಿದಿರುವುದು ಕೆಲವೇ ಪುಟಗಳಾಗಿದ್ದರೆ. ಮೂರು, ಕೆಲಸ ವರ್ಷಗಟ್ಟಲೆ ಮುಂದುವರಿದು, ಮತ್ತೆ ಮತ್ತೆ ತಿದ್ದಿ ಅಚ್ಚು ಹಾಕುವಂಥದಾಗಿದ್ದರೆ. ಇವಾವುವೂ ಇಲ್ಲದಿದ್ದರೆ ಹಳೆಯದರಲ್ಲೇ ಮುಗಿಸಿ, ಅಕ್ಷರಶೈಲಿಯನ್ನು ಅಡಕಗೊಳಿಸಿದ ಪಿಡಿಎಫ್ ಮಾಡಿ ಮುದ್ರಣಾಲಯಕ್ಕೆ ಕೊಡುವುದು ಲೇಸು.

ವರ್ಗಾಯಿಸುವುದೇ ಆದರೆ ಮೂಲ ಕಡತವನ್ನು ಮುಟ್ಟದೆ, ಪ್ರತಿಯೊಂದನ್ನು ತೆಗೆದು ಅದರ ಮೇಲೆ ಪರೀಕ್ಷಿಸಬೇಕು. ಪರೀಕ್ಷೆಗೆ ಸುಲಭದ ಪುಟ ಬೇಡ. ಹೆಸರುಗಳ ಪಟ್ಟಿ, ಲೆಕ್ಕಪತ್ರ, ಸಂಸ್ಕೃತ ಶ್ಲೋಕಗಳಿರುವ ಪುಟವೇ ಬೇಕು. ಅಚ್ಚು ತೆಗೆದು, ಹಳೆಯ ಕರಡಿನೊಡನೆ ಇಬ್ಬರು ಕುಳಿತು ಓದಿ ಹೋಲಿಸಬೇಕು. ಮರಳುವ ದಾರಿ ಇದೆಯೇ ಎಂಬುದನ್ನೂ ಮೊದಲೇ ತಿಳಿಯಬೇಕು. ಮನೆಯ ನಕ್ಷೆ ರಚಿಸುವ ರೆವಿಟ್‌ನಲ್ಲಿ ಹೊಸ ಆವೃತ್ತಿಗೆ ಏರಿಸಿ ಉಳಿಸಿದ ಕಡತ ಹಳೆಯದರಲ್ಲಿ ಮತ್ತೆ ತೆರೆಯದು. ಇನ್‌ಡಿಸೈನ್‌ನಲ್ಲಿ ಐಡಿಎಂಎಲ್ ಎಂಬ ರೂಪದ ಮೂಲಕ ಹಿಂದಿರುಗಬಹುದಾದರೂ ಹೊಸ ಸೌಲಭ್ಯಗಳಿಂದ ಮಾಡಿದ್ದು ಉಳಿಯುವ ಭರವಸೆಯಿಲ್ಲ.

ಸರಕಾರವೂ ಎಲ್ಲವನ್ನೂ ಒಂದೇ ದಿನ ಬದಲಿಸಲಿಲ್ಲ. ಕಟ್ಟಡ ಪರವಾನಿಗೆಯೂ ಸೇರಿದ ಕೇರಳದ ಕೆ-ಸ್ಮಾರ್ಟ್ ವ್ಯವಸ್ಥೆ 2024ರ ಜನವರಿ 1ರಂದು ಮೊದಲು ನಗರಸಭೆ, ಮಹಾನಗರಪಾಲಿಕೆಗಳಲ್ಲಿ ಜಾರಿಗೆ ಬಂತು. ತಿರುನೆಲ್ಲಿಯಂಥ ಗ್ರಾಮಪಂಚಾಯತುಗಳಿಗೆ ವಿಸ್ತರಿಸಿದ್ದು 2025ರ ಏಪ್ರಿಲ್‌ನಲ್ಲಿ. ರಾಜ್ಯವೊಂದಕ್ಕೇ ಹಂತಗಳು ಬೇಕಾದ ಮೇಲೆ ನಮ್ಮ ಶಾಲಾ ಸಮಿತಿಗೆ ಬೇಡವೇ?

ಬ್ರಹ್ಮಗಿರಿಯ ಮಡಿಲಲ್ಲಿರುವ ತಿರುನೆಲ್ಲಿ ದೇವಾಲಯಕ್ಕೆ ಬಂದವರು ಅಲ್ಲಿನ ಅಪೂರ್ಣ ಶಿಲಾಮಂಟಪವನ್ನು ನೋಡಿರುತ್ತಾರೆ. ಕೊಡಗಿನ ಅರಸರು ಆರಂಭಿಸಿದ ಆ ಕೆಲಸ, ದೇವಾಲಯದ ಅಧಿಕಾರವುಳ್ಳವರ ಅನುಮತಿ ಇರಲಿಲ್ಲವಾಗಿ ನಡುವೆ ನಿಂತಿತೆಂಬ ಐತಿಹ್ಯ ಈ ಭಾಗದಲ್ಲಿದೆ. ಐತಿಹ್ಯದ ನಿಜಾಂಶ ಏನೇ ಇರಲಿ, ನಿರ್ಧರಿಸುವ ಅಧಿಕಾರ ಯಾರದೆಂಬುದು ಕೆಲಸ ಆರಂಭವಾಗುವ ಮೊದಲೇ ಇತ್ಯರ್ಥವಾಗಬೇಕೆಂಬ ಪಾಠ ಅದರಲ್ಲಿದೆ. ತಂತ್ರಾಂಶದ ಆಯ್ಕೆಯನ್ನು ಸಂಪಾದಕ ಸಮಿತಿಯ ಮೊದಲ ಸಭೆಯಲ್ಲೇ ನಿರ್ಣಯಿಸಿ ನಡಾವಳಿಯಲ್ಲಿ ಬರೆದಿಟ್ಟರೆ ಮುಂದಿನ ಜಗಳ ತಪ್ಪುತ್ತದೆ.

ಹೊಸ ತಂತ್ರಾಂಶ ಬೇಕೆಂದ ಆ ಹಳೆಯ ವಿದ್ಯಾರ್ಥಿಯ ಉತ್ಸಾಹ ವ್ಯರ್ಥವಾಗಬೇಕಿಲ್ಲ. ಸಂಚಿಕೆ ಬಿಡುಗಡೆಯಾದ ಮೇಲೆ, ರಜೆಯ ಬಿಡುವಿನಲ್ಲಿ, ಅದನ್ನೂ ಕಪಾಟಿನಲ್ಲಿರುವ ಹಿಂದಿನ ಸಂಚಿಕೆಗಳ ಕಡತಗಳನ್ನೂ ಯೂನಿಕೋಡ್‌ಗೆ ತರುವ ಹೊಣೆಯನ್ನು ಅವರಿಗೇ ಒಪ್ಪಿಸೋಣ. ಕನ್ನಡ ಶಾಲೆಗಳ ಇತಿಹಾಸ ಬಹುಪಾಲು ಉಳಿದಿರುವುದು ಈ ಸಂಚಿಕೆಗಳಲ್ಲೇ. ಅಕ್ಷರಶೈಲಿ ಕಳೆದುಹೋದ ದಿನ ಆ ಕಡತಗಳು ಇದ್ದೂ ಇಲ್ಲದಂತಾಗುತ್ತವೆ. ಕೈಯಲ್ಲಿರುವುದನ್ನು ಹಳೆಯದರಲ್ಲಿ ಮುಗಿಸಿ, ಮುಗಿದದ್ದನ್ನು ಹೊಸದರಲ್ಲಿ ಕಾಪಾಡಿ, ಮುಂದಿನದನ್ನು ಹೊಸದರಲ್ಲೇ ಆರಂಭಿಸುವುದು ನಮ್ಮ ಕ್ರಮವಾಗಲಿ.