ಮುಧೋಳ ನಾಯಿಗೆ ಮಹಾನಗರದ ಫ್ಲಾಟು ಒಗ್ಗುವುದೇ?

ಮುಧೋಳ ನಾಯಿಯ ಕೀರ್ತಿ ಕಳೆದ ಎರಡು ದಶಕಗಳಲ್ಲಿ ಜಿಲ್ಲೆಯ ಗಡಿಯನ್ನು ದಾಟಿ ಬಹುದೂರ ಸಾಗಿದೆ. 2005ರಲ್ಲಿ ಅಂಚೆ ಇಲಾಖೆಯು ನಾಲ್ಕು ದೇಶೀ ಶ್ವಾನ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳವೂ ಅವುಗಳಲ್ಲಿ ಒಂದಾಗಿತ್ತು. 2016ರಲ್ಲಿ ಭಾರತೀಯ ಸೇನೆಯು ತಿಮ್ಮಾಪುರದ ಮರಿಗಳನ್ನು ಪರೀಕ್ಷಾರ್ಥ ತರಬೇತಿಗೆಂದು ಮೀರತ್‌ಗೆ ಕೊಂಡೊಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ‘ಮನ್ ಕಿ ಬಾತ್’ ಭಾಷಣದಲ್ಲಿ ದೇಶೀ ತಳಿಗಳನ್ನೇ ಸಾಕಿರಿ ಎಂದು ಕರೆ ನೀಡುತ್ತಾ ಮುಧೋಳದ ಹೆಸರನ್ನು ಪ್ರಸ್ತಾಪಿಸಿದರು. 2022ರಲ್ಲಿ ಪ್ರಧಾನಿಯ ಭದ್ರತೆಯ ಹೊಣೆ ಹೊತ್ತ ಎಸ್‌ಪಿಜಿ ಕೂಡ ತಿಮ್ಮಾಪುರದಿಂದ ಮರಿಗಳನ್ನು ಪಡೆಯಿತು. 2025ರ ಅಕ್ಟೋಬರ್ 31ರಂದು ಗುಜರಾತಿನ ಏಕತಾನಗರದಲ್ಲಿ ನಡೆದ ರಾಷ್ಟ್ರೀಯ ಏಕತಾ ದಿನದ ಪಥಸಂಚಲನದಲ್ಲಿ ಗಡಿ ಭದ್ರತಾ ಪಡೆಯ ಮುಧೋಳ ನಾಯಿಗಳು ಹೆಜ್ಜೆ ಹಾಕಿದವು.

ನಮ್ಮ ನೆಲದ ತಳಿಯೊಂದಕ್ಕೆ ಸಂದ ಈ ಗೌರವ ಹೆಮ್ಮೆಯ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೀರ್ತಿಯ ಬೆನ್ನ ಹಿಂದೆಯೇ ಬೇಡಿಕೆಯೂ ಬರುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಉದ್ಯೋಗಕ್ಕಾಗಿ ಬೆಂಗಳೂರು, ಪುಣೆಗಳಿಗೆ ಹೋಗಿ ಅಪಾರ್ಟ್‌ಮೆಂಟ್‌ಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಮಕ್ಕಳು ಸಾಕುಪ್ರಾಣಿ ಬೇಕೆಂದು ಹಟ ಹಿಡಿದಾಗ, ನಮ್ಮೂರಿನ ನಾಯಿಯನ್ನೇ ತಂದರಾಯಿತು ಎಂಬ ವಿಚಾರ ಸುಳಿಯುವುದು ಸಹಜ. ಕೂದಲು ಗಿಡ್ಡ, ರೋಗ ಕಡಿಮೆ, ಬಿಸಿಲಿಗೆ ಅಂಜುವುದಿಲ್ಲ, ಹೆಚ್ಚು ಬೊಗಳುವುದಿಲ್ಲ. ಹೀಗಿರುವಾಗ ಫ್ಲಾಟಿಗೆ ಇದಕ್ಕಿಂತ ತಾಪತ್ರಯವಿಲ್ಲದ ನಾಯಿ ಬೇರಾವುದು ಎಂಬುದು ಅವರ ವಾದ. ಈ ವಾದದಲ್ಲಿ ಸುಳ್ಳಿಲ್ಲ. ಆದರೆ ಸತ್ಯದ ಅರ್ಧಭಾಗ ಮಾತ್ರ ಇದೆ.

ಹೊಲ ಮಾಡುವ ಆರೈಕೆ

ಕೃಷ್ಣಾ-ಘಟಪ್ರಭಾ ಸೀಮೆಯ ಬಯಲಿನಲ್ಲಿ ರೂಪುಗೊಂಡ ಈ ನಾಯಿಯ ದೇಹರಚನೆಯೇ ಅದರ ಕಸುಬನ್ನು ಹೇಳುತ್ತದೆ. ಆಳವಾದ ಎದೆ, ಸಣ್ಣ ನಡು, ನೀಳವಾದ ಕಾಲುಗಳು, ದೂರದ ಚಲನವಲನವನ್ನು ಗುರುತಿಸುವ ಕಣ್ಣು. ಗಂಡುನಾಯಿಯ ಎತ್ತರ ಸುಮಾರು 68ರಿಂದ 72 ಸೆಂಟಿಮೀಟರ್. ಬೇಡರ ಕೈಯಲ್ಲಿ ಬೇಟೆಗೆ ಬಳಕೆಯಾಗುತ್ತಿದ್ದ ಈ ನಾಯಿಗಳ ಗುಣವನ್ನು ಗುರುತಿಸಿ ಪೋಷಿಸಿದ ಕೀರ್ತಿ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರಿಗೆ ಸಲ್ಲುತ್ತದೆ. ಕೆನಲ್ ಕ್ಲಬ್‌ನ ದಾಖಲೆಗಳಲ್ಲಿ ಇದೇ ತಳಿಗೆ ಕ್ಯಾರವಾನ್ ಹೌಂಡ್ ಎಂಬ ಹೆಸರಿದೆ. ಮೂಗಿಗಿಂತ ಕಣ್ಣನ್ನು ನಂಬಿ, ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು ಇದರ ಹುಟ್ಟುಗುಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮೊಲದ ಬೇಟೆ ಅಪರಾಧವಾಯಿತು, ನಾಯಿ ಹೊಲ-ಮನೆಗಳ ಕಾವಲಿಗೆ ನಿಂತಿತು. ಕಾಯ್ದೆ ಬದಲಾದ ಮಾತ್ರಕ್ಕೆ ರಕ್ತದ ಗುಣ ಬದಲಾಗುವುದಿಲ್ಲ.

ಹಳ್ಳಿಯಲ್ಲಿ ಈ ನಾಯಿಯನ್ನು ಸಾಕುವುದು ನಿಜಕ್ಕೂ ಸುಲಭ. ಮನೆಯಲ್ಲಿ ಹಗಲೂ ರಾತ್ರಿ ಯಾರಾದರೊಬ್ಬರು ಇರುತ್ತಾರೆ. ರೊಟ್ಟಿ, ಹಾಲು, ಮೊಟ್ಟೆಯಲ್ಲಿ ಅದರ ಊಟ ಮುಗಿಯುತ್ತದೆ. ಯಜಮಾನ ಹೊಲಕ್ಕೆ ಹೊರಟರೆ ನಾಯಿಯೂ ಹೊರಡುತ್ತದೆ. ಬದುವಿನಿಂದ ಬದುವಿಗೆ ಓಡಿ ದಣಿದು ಬಂದು ಮರದ ನೆರಳಿನಲ್ಲಿ ಮಲಗುತ್ತದೆ. ಅದನ್ನು ‘ವಾಕಿಂಗ್’ ಕರೆದೊಯ್ಯಬೇಕೆಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಅಂದರೆ, ಆರೈಕೆಯ ಮುಕ್ಕಾಲು ಪಾಲನ್ನು ಅಲ್ಲಿ ಹೊಲವೇ ಮಾಡುತ್ತದೆ. ಅದೇ ನಾಯಿಯನ್ನು ಆರನೆಯ ಮಹಡಿಗೆ ಕೊಂಡೊಯ್ದಾಗ ಹೊಲ ಮಾಡುತ್ತಿದ್ದ ಕೆಲಸವೆಲ್ಲವೂ ಒಡೆಯನ ಹೆಗಲಿಗೆ ಬೀಳುತ್ತದೆ.

ಈ ಹೊರೆಯನ್ನು ಲೆಕ್ಕದಲ್ಲಿಯೇ ನೋಡಬಹುದು. ಬೆಳಿಗ್ಗೆ ಮತ್ತು ಸಂಜೆ ತಲಾ 45 ನಿಮಿಷ ನಾಯಿಗಾಗಿ ಮೀಸಲಿಟ್ಟರೆ ದಿನಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ ಸುಮಾರು 550 ಗಂಟೆ. ನಾಯಿ ಹನ್ನೆರಡು ವರ್ಷ ಬಾಳಿದರೆ ಈ ಮೊತ್ತ ಆರೂವರೆ ಸಾವಿರ ಗಂಟೆಗಳನ್ನು ದಾಟುತ್ತದೆ. ಮಳೆ, ಜ್ವರ, ಪರೀಕ್ಷೆ, ಕಚೇರಿಯ ತುರ್ತು ಯಾವುದೂ ಇದಕ್ಕೆ ರಜೆ ಕೊಡುವುದಿಲ್ಲ. ಕೂದಲು ಬಾಚುವ ಶ್ರಮ ಉಳಿಯಿತೆಂದು ಸಂತೋಷಪಡುವವರು ಈ ಲೆಕ್ಕವನ್ನು ಮೊದಲು ಹಾಕಿ ನೋಡಬೇಕು. ಓಟವಿಲ್ಲದ ಎಳೆಯ ನಾಯಿ ಸೋಫಾ ಹರಿಯುತ್ತದೆ, ಬಾಗಿಲು ಕೆರೆಯುತ್ತದೆ, ಒಂಟಿತನಕ್ಕೆ ಊಳಿಡುತ್ತದೆ. ನೆರೆಯವರ ದೂರು ಅಲ್ಲಿಂದಲೇ ಆರಂಭವಾಗುತ್ತದೆ. ಇದು ನಾಯಿಯ ದುರ್ಗುಣವಲ್ಲ, ಆಯ್ಕೆಯ ದೋಷ.

ಹಾಗೆಂದು ಫ್ಲಾಟಿನಲ್ಲಿ ಮುಧೋಳ ಸಾಧ್ಯವೇ ಇಲ್ಲ ಎನ್ನುವುದೂ ಸರಿಯಲ್ಲ. ಇದೇ ಬಗೆಯ ಗ್ರೇಹೌಂಡ್ ನಾಯಿಗಳು ಪಾಶ್ಚಾತ್ಯ ದೇಶಗಳಲ್ಲಿ ಪಂದ್ಯಗಳಿಂದ ನಿವೃತ್ತವಾದ ಮೇಲೆ ಸಣ್ಣ ಮನೆಗಳಲ್ಲಿ ಶಾಂತವಾಗಿ ಬಾಳುವುದುಂಟು. ಚೆನ್ನಾಗಿ ಓಡಿ ಬಂದ ಬೇಟೆನಾಯಿ ಮನೆಯೊಳಗೆ ಬಹುಪಾಲು ಹೊತ್ತು ನಿದ್ರಿಸುತ್ತದೆ. ಆದರೆ ಷರತ್ತುಗಳು ಕಠಿಣವಾಗಿವೆ. ಬೇಲಿಯಿರುವ ಬಯಲು ಹತ್ತಿರದಲ್ಲಿರಬೇಕು. ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬಾರದು, ಏಕೆಂದರೆ ಬೆನ್ನಟ್ಟುವ ಭರದಲ್ಲಿ ಅದು ರಸ್ತೆಯನ್ನೂ ವಾಹನವನ್ನೂ ಲೆಕ್ಕಿಸುವುದಿಲ್ಲ. ಮನೆಯಲ್ಲಿ ಬೆಕ್ಕು, ಮೊಲಗಳಿರಬಾರದು. ದೇಹದಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಟೈಲ್ಸ್ ನೆಲದ ಮೇಲೆ ಮಲಗಿದರೆ ಮೊಣಕೈ ಗಂಟುಗಟ್ಟುತ್ತದೆ, ದಪ್ಪನೆಯ ಹಾಸಿಗೆ ಬೇಕು. ಅಪರಿಚಿತರು ಮುಟ್ಟುವುದನ್ನು ಅದು ಸಹಿಸದ ಕಾರಣ ಲಿಫ್ಟಿನಲ್ಲಿ ವಿಶೇಷ ಎಚ್ಚರ ಅಗತ್ಯ. ಇವೆಲ್ಲವನ್ನೂ ಪೂರೈಸಬಲ್ಲವರು ತರಲಿ. ಉಳಿದವರು ಊರ ಅಭಿಮಾನವನ್ನು ಬೇರೆ ರೀತಿಯಲ್ಲಿ ತೋರಿಸುವುದು ಲೇಸು.

ಜಾಹೀರಾತು ಕಲಿಸಿದ ಪಾಠ

ಜನಪ್ರಿಯತೆಯೇ ತಳಿಯೊಂದಕ್ಕೆ ಶಾಪವಾಗುವುದನ್ನು ನಾವು ಈಗಾಗಲೇ ಕಂಡಿದ್ದೇವೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ನಡೆದ ಪಗ್ ನಾಯಿ ಮನೆಮಾತಾಯಿತು. ಚಿಕ್ಕ ಗಾತ್ರ, ಫ್ಲಾಟಿಗೆ ಹೇಳಿ ಮಾಡಿಸಿದಂತಿದೆ ಎಂದು ಜನ ಮುಗಿಬಿದ್ದರು. ಚಪ್ಪಟೆ ಮೂತಿಯ ಆ ನಾಯಿ ನಮ್ಮ ಬೇಸಿಗೆಯಲ್ಲಿ ಉಸಿರಿಗೆ ತಿಣುಕುತ್ತದೆ, ಅದರ ಕಣ್ಣು, ಚರ್ಮಗಳಿಗೆ ನಿತ್ಯದ ನಿಗಾ ಬೇಕು ಎಂಬುದು ಬಹಳಷ್ಟು ಮಂದಿಗೆ ತಿಳಿದದ್ದು ಪಶುವೈದ್ಯರ ಬಳಿ ಹೋದ ಮೇಲೆ. ಪಗ್‌ಗೆ ಜಾಹೀರಾತು ಮಾಡಿದ್ದನ್ನು ಮುಧೋಳಕ್ಕೆ ದೇಶಾಭಿಮಾನ ಮಾಡಬಾರದು. ಗಡಿ ಕಾಯುವ ನಾಯಿಗೆ ದಿನವಿಡೀ ಕೆಲಸವಿದೆ, ತರಬೇತುದಾರನಿದ್ದಾನೆ, ಮೈದಾನವಿದೆ. ಬಾಲ್ಕನಿಯಲ್ಲಿ ಕಟ್ಟಿಹಾಕಿದ ನಾಯಿಗೆ ಇವು ಯಾವುವೂ ಇಲ್ಲ.

ಕಾನೂನು ಏನನ್ನುತ್ತದೆ?

ಅಪಾರ್ಟ್‌ಮೆಂಟ್ ಸಂಘಗಳಿಗೂ ನಾಯಿ ಸಾಕುವವರಿಗೂ ನಡೆಯುವ ಜಗಳ ಹೊಸದಲ್ಲ. ಬಹುಮತದ ಬಲದಿಂದ ಸಂಘವೊಂದು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಯನ್ನು ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. 2018ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಫ್ಲಾಟಿಗೆ ಒಂದೇ ನಾಯಿ ಎಂಬ ಮಿತಿಯನ್ನು ಹೇರಲು ಹೊರಟು, ವಿರೋಧ ಎದುರಾದಾಗ ಹಿಂದೆ ಸರಿಯಬೇಕಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು.

ಇವೆಲ್ಲವೂ ಒಡೆಯನ ಹಕ್ಕಿನ ಮಾತಾಯಿತು. ನಾಯಿಯ ಹಕ್ಕಿನ ಮಾತೂ ಕಾನೂನಿನಲ್ಲಿದೆ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಒದಗಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹಿಂಸೆಯೇ ಆಗುತ್ತದೆ. ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆದುಬಿಡುವುದೂ ಅಪರಾಧ. ಆದರೆ ಮೊದಲ ಅಪರಾಧಕ್ಕೆ ಕಾಯ್ದೆ ನಿಗದಿಪಡಿಸಿದ ದಂಡ 10ರಿಂದ 50 ರೂಪಾಯಿ! ಚಹಾದಂಗಡಿಯ ಬಿಲ್ಲಿನಷ್ಟೂ ಇರದ ಈ ದಂಡ ಯಾರನ್ನು ಹೆದರಿಸೀತು? ಸಂಘದವರು ನಾಯಿಯನ್ನು ಹೊರಹಾಕದಂತೆ ಕಾನೂನು ತಡೆಯಬಲ್ಲದು. ನಾಯಿಗೆ ಓಡಲು ಬಯಲನ್ನು ಅದು ಕೊಡಲಾರದು.

ಹಾಗಾದರೆ ಫ್ಲಾಟಿಗೆ ಯಾವುದು?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಪ್ರಾಣಿ ಎಂಬುದಲ್ಲ. ಮನೆಯಲ್ಲಿ ಎಷ್ಟು ಹೊತ್ತು ಯಾರಿರುತ್ತಾರೆ, ದೀಪಾವಳಿಗೆ ಊರಿಗೆ ಹೊರಟಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದು.

ನಾಯಿಯೇ ಬೇಕೆನ್ನುವವರಿಗೆ ಬೀದಿಯಿಂದ ರಕ್ಷಿಸಿದ, ಸ್ವಭಾವ ತಿಳಿದಿರುವ ವಯಸ್ಕ ನಾಡ ನಾಯಿ ಉತ್ತಮ ಆಯ್ಕೆ. ನಮ್ಮ ಹವೆಗೆ ಅದು ಒಗ್ಗಿದೆ, ಮರಿಯ ತುಂಟಾಟದ ಕಾಲ ಮುಗಿದಿರುತ್ತದೆ. ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆಯೆಂದೂ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಅದಕ್ಕೂ ನಿತ್ಯದ ತಿರುಗಾಟ ಬೇಕು, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಬೇಕು.

ಹಗಲೆಲ್ಲ ಬೀಗ ಹಾಕಿರುವ ಮನೆಗೆ ಬೆಕ್ಕು ಮೇಲು. ತನ್ನ ಮೈಯನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ, ಮರಳಿನ ತಟ್ಟೆಯನ್ನು ಬಳಸಲು ಬೇಗ ಕಲಿಯುತ್ತದೆ. ಆದರೆ ಮಹಡಿಯ ಮನೆಗಳ ಕಿಟಕಿ, ಬಾಲ್ಕನಿಗಳಿಂದ ಹಕ್ಕಿಯ ಬೆನ್ನು ಹತ್ತಿ ಬೀಳುವ ಬೆಕ್ಕುಗಳು ಕಡಿಮೆಯೇನಲ್ಲ. ಬಲೆ ಕಟ್ಟಿಸುವುದು ಮೊದಲ ಖರ್ಚಾಗಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಬೆಕ್ಕಿಗೂ ಅಗತ್ಯ.

ಎರಡು ದಿನ ಊರಿಗೆ ಹೋಗಿ ಬರುವವರಿಗೆ ಮೀನಿನ ತೊಟ್ಟಿಯೇ ಸೈ. ಆದರೆ ದುಂಡನೆಯ ಗಾಜಿನ ಬಟ್ಟಲು ಮೀನಿಗೆ ಮನೆಯಲ್ಲ, ಸೆರೆಮನೆ. ಫಿಲ್ಟರ್ ಇರುವ ತೊಟ್ಟಿಯಲ್ಲಿ ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ನಾಲ್ಕಾರು ವಾರ ಬೇಕಾಗುತ್ತದೆ. ಮೊದಲ ದಿನವೇ ಹತ್ತು ಮೀನು ಬಿಟ್ಟು ಮೂರನೆಯ ದಿನ ಸತ್ತವೆಂದು ಅಳುವ ಮಕ್ಕಳಿಗೆ ಅಂಗಡಿಯವನು ಈ ಮಾತನ್ನು ಹೇಳಿರುವುದಿಲ್ಲ. ಬೇಡವಾದ ಮೀನನ್ನು ಕೆರೆಗೋ ಹೊಳೆಗೋ ಬಿಡುವುದಂತೂ ಕೂಡದು. ಹೀಗೆ ನೀರು ಸೇರಿದ ಸಕ್ಕರ್ ಮೀನು ಆಂಧ್ರ, ತೆಲಂಗಾಣಗಳಲ್ಲಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ.

ತಂಟೆಯಿಲ್ಲದ ಪ್ರಾಣಿ ಎಂದು ಪಂಜರದ ಹಸಿರು ಗಿಳಿಯನ್ನೋ ನಕ್ಷತ್ರ ಆಮೆಯನ್ನೋ ಕೊಳ್ಳುವವರು ಎಚ್ಚರ ವಹಿಸಬೇಕು. ಎರಡೂ ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತವಾಗಿದ್ದು, ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಮನೆಗೆ ಅದೃಷ್ಟ ತರುತ್ತದೆಂದು ತಂದ ಆಮೆ ಅರಣ್ಯ ಇಲಾಖೆಯವರನ್ನೇ ಬಾಗಿಲಿಗೆ ತಂದೀತು.

ತಿಮ್ಮಾಪುರದ ಹೊಣೆ

ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಶುದ್ಧ ತಳಿಯನ್ನು ಉಳಿಸಿ, ರೈತರಿಗೆ, ಆಸಕ್ತರಿಗೆ ಮರಿಗಳನ್ನು ಒದಗಿಸುವುದು ಅದರ ಕಾರ್ಯ. ಸುತ್ತಲಿನ ಹಳ್ಳಿಗಳ ಎಷ್ಟೋ ಕುಟುಂಬಗಳಿಗೆ ಮರಿಗಳ ಮಾರಾಟ ಉಪಕಸುಬಾಗಿದೆ. ಮಳೆ ಕೈಕೊಟ್ಟ ವರ್ಷ ಈ ಆದಾಯ ಅವರ ಕೈ ಹಿಡಿಯುತ್ತದೆ. ಆದ್ದರಿಂದ ಮಾರಬೇಡಿರೆಂದು ಯಾರೂ ಹೇಳುವಂತಿಲ್ಲ. ಯಾರಿಗೆ ಮಾರಬೇಕೆಂಬ ವಿವೇಕವನ್ನು ಮಾತ್ರ ಕೇಳಬಹುದು.

ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಸಾಕಣೆದಾರರು ನೋಂದಣಿ ಮಾಡಿಸಬೇಕು ಎಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಇದರ ಜೊತೆಗೆ ಕೇಂದ್ರವೂ ಸಾಕಣೆದಾರರೂ ಕೊಳ್ಳುವವರನ್ನು ಮೂರು ಪ್ರಶ್ನೆ ಕೇಳುವ ಪದ್ಧತಿ ಇಟ್ಟುಕೊಂಡರೆ ಸಾಕು: ಮನೆ ಎಂಥದು, ಬಯಲು ಎಲ್ಲಿದೆ, ಹಗಲಿನಲ್ಲಿ ಯಾರಿರುತ್ತಾರೆ? ಸಾಕಲಾಗದವರು ನಾಯಿಯನ್ನು ಹೆದ್ದಾರಿಯಲ್ಲಿ ಬಿಟ್ಟುಹೋಗುವ ಬದಲು ಮರಳಿ ತಂದೊಪ್ಪಿಸುವ ವ್ಯವಸ್ಥೆಯೂ ಇರಲಿ. ಹಳ್ಳಿಗೆ ಮರಳಿದ ನಾಯಿಗೆ ಇಲ್ಲಿನ ಹೊಲ ಇನ್ನೂ ಜಾಗ ಕೊಡಬಲ್ಲದು. ಬೀದಿಪಾಲಾದ ಒಂದು ನಾಯಿ ತಳಿಯ ಹೆಸರಿಗೆ ತರುವ ಕಳಂಕವನ್ನು ಹತ್ತು ಪಥಸಂಚಲನಗಳೂ ತೊಳೆಯಲಾರವು.

ಕಡಿಮೆ ಆರೈಕೆಯ ಪ್ರಾಣಿ ಎಂಬುದು ಯಾವ ತಳಿಯ ಗುಣವೂ ಅಲ್ಲ. ಪ್ರಾಣಿಗೂ ಮನೆಗೂ ಕೂಡಿಬಂದ ಹೊಂದಾಣಿಕೆಯ ಫಲ. ಈ ಮಾತನ್ನು ಬೆಂಗಳೂರು, ಪುಣೆಯ ಮಕ್ಕಳಿಗೆ ತಿಳಿಹೇಳಬೇಕಾದವರು ಊರಿನಲ್ಲಿರುವ ಹಿರಿಯರೇ. ಮುಧೋಳ ನಾಯಿ ಎಂದರೇನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮರಿಯನ್ನು ಚೀಲದಲ್ಲಿಟ್ಟು ರಾತ್ರಿ ಬಸ್ಸಿಗೆ ಹತ್ತಿಸುವ ಮುನ್ನ ಅವರು ಒಮ್ಮೆ ಮಗನ ಫ್ಲಾಟಿನ ಅಳತೆ ಕೇಳಲಿ.