ಎರಡನೇ ಇನಿಂಗ್ಸ್‌ಗೆ ಬೇಕಾದ ಕಿವಿ

ಬಾಸ್ಟನ್‌ನ ಆರ್ಟ್ ಪಂಕ್ ತಂಡ ಮಿಷನ್ ಆಫ್ ಬರ್ಮಾ 1983ರಲ್ಲಿ ನಿಂತುಹೋದದ್ದು ಕಿವಿಯ ಕಾರಣಕ್ಕೆ. ವೇದಿಕೆಯ ಅಬ್ಬರಕ್ಕೆ ಸಿಕ್ಕು ಗಿಟಾರ್ ವಾದಕ ರೋಜರ್ ಮಿಲ್ಲರ್ ಅವರ ಕಿವಿಯೊಳಗೆ ಗುಂಯ್‌ಗುಡುವ ಸದ್ದು ನಿಲ್ಲದೇ ಹೋಯಿತು. ಆ ಹೊತ್ತಿಗೆ ತಂಡ ಹೊರತಂದಿದ್ದ ಪೂರ್ಣ ಸ್ಟುಡಿಯೊ ಆಲ್ಬಂ ಒಂದೇ, 1982ರ ‘ವರ್ಸಸ್’. ಎರಡನೆಯದು, ‘ಆನ್‌ಆಫ್‌ಆನ್’, ಬಂದದ್ದು 2004ರಲ್ಲಿ.

ವಿಮರ್ಶಕರು ಅದನ್ನು ಸಂಭ್ರಮದಿಂದ ಬರಮಾಡಿಕೊಂಡರು. ಆದರೆ ಹಲವರ ಮೆಚ್ಚುಗೆ ಒಂದೇ ಜಾಡು ಹಿಡಿಯಿತು: ನಡುವಿನ ಇಪ್ಪತ್ತೆರಡು ವರ್ಷ ಕಳೆದೇ ಇಲ್ಲವೆಂಬಂತೆ ನುಡಿಸಿದ್ದಾರೆ ಎಂದು. ಕೇಳಲು ಚೆಂದದ ಈ ಹೊಗಳಿಕೆ ತಂಡಕ್ಕೆ ಆದ ಅನ್ಯಾಯ.

ಆ ವರ್ಷಗಳು ಕಳೆದಿದ್ದವು, ಗುರುತನ್ನೂ ಬಿಟ್ಟಿದ್ದವು. ಬೇಸ್ ವಾದಕ ಕ್ಲಿಂಟ್ ಕಾನ್ಲಿ ಟಿ.ವಿ. ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದರು. ಡ್ರಮ್ಮರ್ ಪೀಟರ್ ಪ್ರೆಸ್ಕಾಟ್ ‘ವಾಲ್ಕೆನೊ ಸನ್ಸ್’ ಎಂಬ ತಂಡ ಕಟ್ಟಿದ್ದರು. ತಂಡದ ನಾಲ್ಕನೆಯ ಸದಸ್ಯ ಮಾರ್ಟಿನ್ ಸ್ವೋಪ್ ಮೊದಲ ಅವಧಿಯಲ್ಲಿ ವೇದಿಕೆ ಹತ್ತುತ್ತಿರಲಿಲ್ಲ. ಸೌಂಡ್ ಮಿಕ್ಸರ್ ಬಳಿ ಕುಳಿತು, ಗೆಳೆಯರು ನುಡಿಸುತ್ತಿದ್ದುದನ್ನೇ ಟೇಪಿನಲ್ಲಿ ಹಿಡಿದು, ತಿರುಚಿ, ಆ ಕ್ಷಣವೇ ಸಭಾಂಗಣಕ್ಕೆ ಹರಿಯಬಿಡುತ್ತಿದ್ದರು. ತಂಡ ಮತ್ತೆ ಕೂಡಿದಾಗ ಅವರು ಮರಳಲಿಲ್ಲ. ಆ ಜಾಗಕ್ಕೆ ‘ಶೆಲ್ಲಾಕ್’ ತಂಡದ ಬಾಬ್ ವೆಸ್ಟನ್ ಬಂದರು. ಮಿಲ್ಲರ್ ಬಂದೂಕು ತರಬೇತಿಯಲ್ಲಿ ಬಳಸುವಂಥ ಕಿವಿರಕ್ಷಕ ತೊಟ್ಟು ನುಡಿಸಿದರು. ತಮ್ಮ ಕಿವಿ ಕೆಡಿಸಿದ ಸಂಗೀತಕ್ಕೇ ಮತ್ತೆ ಮೈಯೊಡ್ಡಿದ ಈ ಮನುಷ್ಯನ ಹಟವನ್ನು ಮರೆತು ಆ ಆಲ್ಬಂ ಕೇಳುವುದು ಹೇಗೆ?

ಮರಳಿ ಬಂದ ತಂಡವನ್ನು ಅದರ ನೆನಪಿನೊಂದಿಗೇ ತೂಗುವ ಈ ಚಟ ಹಳೆಯದು. ಹೀಗೆಯೇ ಮರಳಿ ಬಂದಿದ್ದ ಲಂಡನ್ನಿನ ‘ವೈರ್’ ತಂಡ ಇದನ್ನು ಮೊದಲೇ ಗ್ರಹಿಸಿತ್ತು. 1987ರಲ್ಲಿ ‘ದಿ ಐಡಿಯಲ್ ಕಾಪಿ’ ಆಲ್ಬಂ ಹೊತ್ತು ಅಮೆರಿಕ ಪ್ರವಾಸಕ್ಕೆ ಹೊರಟಾಗ ಹಳೆಯ ಹಾಡುಗಳನ್ನು ನುಡಿಸಲು ಒಪ್ಪಲಿಲ್ಲ. ತಮ್ಮ 1977ರ ‘ಪಿಂಕ್ ಫ್ಲ್ಯಾಗ್’ ಆಲ್ಬಮಿನ ಹಾಡುಗಳಿಗೆಂದೇ ‘ಎಕ್ಸ್ ಲಯನ್ ಟೇಮರ್ಸ್’ ಎಂಬ ಬೇರೊಂದು ತಂಡವನ್ನು ಕರೆದೊಯ್ದರು. ಹಳೆಯದು ಬೇಕಾದವರಿಗೆ ಅದು, ತಾವು ನುಡಿಸುವುದು ಈಗಿನದು. ಬರ್ಮಾ ಅಷ್ಟು ಕಠೋರವಾಗಲಿಲ್ಲ. ಹೊಸ ಆಲ್ಬಮಿನಲ್ಲಿ ಮೊದಲ ಅವಧಿಯ ಕೆಲವು ಹಾಡುಗಳಿಗೂ ಜಾಗ ಕೊಟ್ಟಿತು. ಎರಡೂ ದಾರಿಗಳಲ್ಲಿ ಮರ್ಯಾದೆಯಿದೆ.

ವಿಮರ್ಶಕ ಕೇಳಬೇಕಾದ ಪ್ರಶ್ನೆ ಒಂದೇ: ಈ ಜನರಿಗೆ ಈಗ ಹೇಳುವುದೇನಾದರೂ ಇದೆಯೇ? ಬರ್ಮಾಗೆ ಇತ್ತು. 2006ರಲ್ಲಿ ‘ದಿ ಆಬ್ಲಿಟರಾಟಿ’, 2009 ಮತ್ತು 2012ರಲ್ಲಿ ಮತ್ತೆರಡು ಆಲ್ಬಂಗಳು ಬಂದವು. ಮೊದಲ ಅವಧಿಯಲ್ಲಿ ಒಂದು, ಎರಡನೆಯದರಲ್ಲಿ ನಾಲ್ಕು. ಈ ತಂಡವನ್ನು ಹೊಸದಾಗಿ ಕೇಳುವವರು 1982ರ ದಂತಕತೆಯನ್ನು ಪಕ್ಕಕ್ಕಿಟ್ಟು ‘ಆನ್‌ಆಫ್‌ಆನ್’ನಿಂದಲೇ ಶುರುಮಾಡಲಿ.