ಹಿಂದಿನ ಸೀಟಿನ ತಲೆ

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹೊರನಾಡಿನ ಯಾವುದಾದರೂ ಕನ್ನಡ ಸಂಘದ ಸಭಾಂಗಣದ ಎದುರು ಅರ್ಧ ಗಂಟೆ ನಿಂತು ನೋಡಬೇಕು. ಮುಂಬೈ, ಪುಣೆ, ಹೈದರಾಬಾದ್, ಯಾವ ಊರಾದರೂ ನಡೆಯುತ್ತದೆ. ಒಂದೊಂದೇ ಸ್ಕೂಟರ್ ಬಂದು ನಿಲ್ಲುತ್ತದೆ. ಓಡಿಸಿಕೊಂಡು ಬಂದ ಯಜಮಾನನ ತಲೆಯ ಮೇಲೆ ಹೆಲ್ಮೆಟ್ ಇದೆ. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ಹೆಂಡತಿಯ ತಲೆಯಲ್ಲಿ ಮಲ್ಲಿಗೆ ಇದೆ. ಇಬ್ಬರ ನಡುವೆ ಮಗಳು, ಹ್ಯಾಂಡಲ್ ಹಿಡಿದು ಮುಂದೆ ನಿಂತ ಮಗ. ನಾಲ್ಕು ತಲೆಗೆ ಒಂದು ಹೆಲ್ಮೆಟ್. ಯಜಮಾನ ಅದನ್ನು ಬಿಚ್ಚಿ ಕನ್ನಡಿಗೆ ನೇತುಹಾಕಿ ಒಳಗೆ ಹೋಗುತ್ತಾನೆ. ನೋಡಿದವರಿಗೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಅನ್ನಿಸಬೇಕು. ಈತ ಬೇಜವಾಬ್ದಾರಿ ಮನುಷ್ಯನಲ್ಲ. ವಿಮೆಯ ಕಂತು ತಪ್ಪದೆ ಕಟ್ಟುತ್ತಾನೆ, ಮಗುವಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದಿರುತ್ತಾನೆ, ಮನೆಗೆ ಫಿಲ್ಟರ್ ನೀರೇ ಬೇಕೆಂದು ಹಟ ಹಿಡಿಯುತ್ತಾನೆ. ಇಷ್ಟೆಲ್ಲ ಎಚ್ಚರವಿರುವವನು ಮನೆಯ ಮೂರು ಬರಿತಲೆಗಳನ್ನು ಹೊತ್ತು ಹೆದ್ದಾರಿ ದಾಟಿ ಬರುತ್ತಾನೆ. ತನ್ನ ತಲೆಯ ಮೇಲೆ ಹೆಲ್ಮೆಟ್ ಏಕಿದೆ ಎಂದು ಕೇಳಿದರೆ ಬರುವ ಉತ್ತರ ಬಹುಪಾಲು ಒಂದೇ: ಸಿಗ್ನಲ್ಲಿನಲ್ಲಿ ಪೊಲೀಸರು ಇರುತ್ತಾರೆ. ಹಿಂದೆ ಕೂತವರನ್ನು ಪೊಲೀಸರು ಅಷ್ಟಾಗಿ ಕೇಳುವುದಿಲ್ಲ. ಆದ್ದರಿಂದ ಅವರಿಗೆ ಹೆಲ್ಮೆಟ್ ಇಲ್ಲ. ಅಂದರೆ ಆ ಹೆಲ್ಮೆಟ್ ಕಾಯುತ್ತಿರುವುದು ತಲೆಯನ್ನಲ್ಲ, ಜೇಬನ್ನು.

ದೇಶದಲ್ಲಿ ಹೆಲ್ಮೆಟ್ ಬಗ್ಗೆ ನಡೆದ ವಾದಗಳೆಲ್ಲ ಓಡಿಸುವವನ ಸುತ್ತಲೇ ಸುತ್ತಿವೆ. ಅವನ ಸ್ವಾತಂತ್ರ್ಯ, ಅವನ ಸೆಕೆ, ಅವನ ಕೂದಲು ಉದುರುವಿಕೆ, ಅವನಿಗೆ ಬಿದ್ದ ದಂಡ. ಹಿಂದೆ ಕೂತವರು ಆ ಚರ್ಚೆಯಲ್ಲಿ ಸಾಮಾನಿನಂತೆ ಇದ್ದಾರೆ. ಅವರು ಸಾಯುತ್ತಿರುವ ಲೆಕ್ಕ ಮಾತ್ರ ಸರಕಾರದ ಪುಸ್ತಕದಲ್ಲಿ ಬೇರೆಯಾಗಿಯೇ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಧರಿಸದೆ ಇದ್ದವರು 50,029. ಈ ಐವತ್ತು ಸಾವಿರದಲ್ಲಿ 14,337 ಮಂದಿ ಓಡಿಸುತ್ತಿರಲಿಲ್ಲ, ಹಿಂದೆ ಕೂತಿದ್ದರು. ದಿನಕ್ಕೆ 39 ಜನ. ಬ್ರೇಕ್ ಅವರ ಕೈಯಲ್ಲಿರಲಿಲ್ಲ, ವೇಗವನ್ನು ಅವರು ನಿರ್ಧರಿಸಿರಲಿಲ್ಲ, ದಾರಿಯೂ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಹೆಲ್ಮೆಟ್ ಇದ್ದಿದ್ದರೆ ಎಲ್ಲರೂ ಬದುಕುತ್ತಿದ್ದರು ಎಂದು ಯಾರೂ ಹೇಳಲಾರರು. ಲಾರಿಯ ಚಕ್ರದಡಿ ಸಿಕ್ಕವರಿಗೆ ಹೆಲ್ಮೆಟ್ಟಿನಿಂದ ಉಪಯೋಗವಿಲ್ಲ. ಆದರೆ ಹಲವು ದೇಶಗಳ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಪರಿಶೀಲನೆ ಒಂದು ಅಂದಾಜು ಕೊಡುತ್ತದೆ: ಹೆಲ್ಮೆಟ್ ಧರಿಸಿದರೆ ಸಾವಿನ ಸಂಭವ ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ. 69ರಷ್ಟು ತಗ್ಗುತ್ತದೆ. ಈ ಪ್ರಮಾಣವನ್ನು ಒರಟಾಗಿ ಹಿಡಿದರೂ ಆ ಒಂದೇ ವರ್ಷ ಹಿಂದಿನ ಸೀಟಿನ ಸುಮಾರು 6,000 ಜನ ಮನೆಗೆ ಮರಳುತ್ತಿದ್ದರು.

ಇದು ಹೊಸ ಕಾನೂನು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಮೊದಲಿನಿಂದಲೂ ಓಡಿಸುವವರಿಗೂ ಜೊತೆಗೆ ಸವಾರಿ ಮಾಡುವವರಿಗೂ ಅನ್ವಯವಾಗುವಂತೆಯೇ ಇತ್ತು. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇತ್ತು. ಜೊತೆಗೆ ಬೇರೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಗಳಿಗೂ ಇತ್ತು. ತೊಂದರೆ ಶುರುವಾದದ್ದು ಅಲ್ಲಿಂದ. ದೆಹಲಿಯಲ್ಲಿ ಸಿಖ್ ಮಹಿಳೆಯರ ಧಾರ್ಮಿಕ ಆಕ್ಷೇಪಣೆ ಬಂದಾಗ, 1999ರಲ್ಲಿ ಎಲ್ಲ ಮಹಿಳೆಯರಿಗೂ ಹೆಲ್ಮೆಟ್ ಐಚ್ಛಿಕ ಎಂದು ನಿಯಮ ತಿದ್ದಲಾಯಿತು. ಕೆಲವರ ನಂಬಿಕೆಗೆ ಗೌರವ ಕೊಡುವ ಹೆಸರಿನಲ್ಲಿ ಲಕ್ಷಾಂತರ ಹೆಂಗಸರ ತಲೆಗೆ ರಕ್ಷಣೆ ಇಲ್ಲದಂತಾಯಿತು. ಅದು ಸರಿಯಾಗಲು 2014ರವರೆಗೆ ಕಾಯಬೇಕಾಯಿತು. ತಮಿಳುನಾಡಿನಲ್ಲಿ ಇಬ್ಬರಿಗೂ ಹೆಲ್ಮೆಟ್ ಬಿಗಿಯಾಗಿ ಜಾರಿಯಾಗಲು ಹೈಕೋರ್ಟೇ ಹೇಳಬೇಕಾಯಿತು. 2015ರ ಜುಲೈ 1 ಅದಕ್ಕೆ ಗೊತ್ತಾದ ದಿನ. ಆದರೂ 2022ರಲ್ಲಿ ಚೆನ್ನೈ ಪೊಲೀಸರು ಹಿಂಬದಿ ಸವಾರರಿಗಾಗಿ ಮತ್ತೆ ಹೊಸದಾಗಿ ಕಾರ್ಯಾಚರಣೆ ಮಾಡಬೇಕಾಯಿತು. ಅದೇ ವರ್ಷ ಮುಂಬೈ ಪೊಲೀಸರೂ ಹಾಗೆಯೇ ಪ್ರಕಟಣೆ ಹೊರಡಿಸಿದರು. ಕರ್ನಾಟಕದಲ್ಲಿ ಹಿಂದೆ ಕೂತವರಿಗೆ ಹೆಲ್ಮೆಟ್ ಕಡ್ಡಾಯವೆಂದು ಸಾರಿದ್ದು 2016ರ ಜನವರಿಯಲ್ಲಿ. ಒಂದೇ ದೇಶ, ಒಂದೇ ಕಾಯ್ದೆ. ಆದರೆ ಹಿಂದೆ ಕೂತವರ ತಲೆ ತಲೆಯೇ ಎಂದು ಒಂದೊಂದು ಊರಿಗೂ ಹೊಳೆಯಲು ಇಪ್ಪತ್ತೈದು, ಮೂವತ್ತು ವರ್ಷ ಹಿಡಿಯಿತು.

2019ರ ತಿದ್ದುಪಡಿ ಈ ಗೊಂದಲಕ್ಕೆ ತೆರೆ ಎಳೆದಿದೆ. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ, ಓಡಿಸಲಿ, ಕೂರಲಿ, ಕೂರಿಸಿಕೊಂಡು ಹೋಗಲ್ಪಡಲಿ, ಹೆಲ್ಮೆಟ್ ಧರಿಸಬೇಕು, ಪಟ್ಟಿಯನ್ನೂ ಕಟ್ಟಿರಬೇಕು. ನಾಲ್ಕಕ್ಕಿಂತ ಚಿಕ್ಕ ಮಕ್ಕಳಿಗಾಗಿ 2023ರ ಫೆಬ್ರವರಿಯಿಂದ ಬೇರೆ ನಿಯಮ ಜಾರಿಯಲ್ಲಿದೆ. ಮಗುವನ್ನು ಓಡಿಸುವವರಿಗೆ ಬಿಗಿದು ಕಟ್ಟುವ ಸುರಕ್ಷಾ ಪಟ್ಟಿ ಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. 128ನೇ ಕಲಮಿನ ಪ್ರಕಾರ ಓಡಿಸುವವನ ಜೊತೆ ಒಬ್ಬರಿಗೆ ಮಾತ್ರ ಜಾಗ, ಅದೂ ಹಿಂದಿನ ಸೀಟಿನಲ್ಲಿ. ಸಭಾಂಗಣದ ಎದುರು ಬಂದು ನಿಂತ ಆ ಸ್ಕೂಟರಿನಲ್ಲಿ ಎಷ್ಟು ನಿಯಮ ಮುರಿದಿವೆ ಎಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

"ಅವಳ ತಲೆ, ಅವಳ ಇಷ್ಟ" ಎಂಬ ಮಾತು ಇಲ್ಲಿ ಬರುತ್ತದೆ. ಕಾನೂನು ಅದನ್ನು ಒಪ್ಪುವುದಿಲ್ಲ. ದಂಡ ವಿಧಿಸುವ 194ಡಿ ಕಲಮು ಹೊಣೆ ಹೊರಿಸುವುದು ಓಡಿಸುವವರ ಮೇಲೆ ಮತ್ತು ಹಾಗೆ ಓಡಿಸಲು ಬಿಟ್ಟವರ ಮೇಲೆ. ಕಾಯ್ದೆಯಲ್ಲಿರುವುದು 1,000 ರೂಪಾಯಿ ದಂಡ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಇದು ನ್ಯಾಯವೂ ಹೌದು. ಬಸ್ಸಿನ ಬಾಗಿಲು ಮುಚ್ಚದೆ ಹೊರಟ ಚಾಲಕ, ಪ್ರಯಾಣಿಕರು ತಾವೇ ಬಿದ್ದರು ಎನ್ನಲು ಬರುವುದಿಲ್ಲ. ಸ್ಕೂಟರ್ ಓಡಿಸುವವನೂ ಚಾಲಕನೇ, ಹಿಂದೆ ಕೂತ ಹೆಂಡತಿಯೂ ಪ್ರಯಾಣಿಕಳೇ. ಓಡಿಸುವವಳು ಹೆಂಡತಿ, ಕೂತವನು ಗಂಡ ಆದರೂ ಮಾತು ಬದಲಾಗುವುದಿಲ್ಲ.

ಇನ್ನು ನೆಪಗಳು. ಮೊದಲನೆಯದು ಎಲ್ಲ ಮನೆಯಲ್ಲೂ ಕೇಳುವ ಮಾತು: "ಇಲ್ಲೇ ಅಲ್ವೇನ್ರೀ, ಐದು ನಿಮಿಷ." ಸ್ಕೂಟರಿನಲ್ಲಿ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತೇ ಇದ್ದು, ಅಷ್ಟು ಎತ್ತರದಿಂದ ಹಿಂದಕ್ಕೆ ಉರುಳಿದರೂ ತಲೆ ನೆಲಕ್ಕೆ ಬಡಿಯುವ ಹೊತ್ತಿಗೆ ಅದರ ವೇಗ ಗಂಟೆಗೆ 20 ಕಿಲೋಮೀಟರಿನ ಹತ್ತಿರ ಇರುತ್ತದೆ. ಹೈಸ್ಕೂಲಿನ ಭೌತಶಾಸ್ತ್ರ ಸಾಕು ಈ ಲೆಕ್ಕಕ್ಕೆ. ಬೀಳಲು ಬೇಕಾದ ಸಮಯ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಗಟ್ಟಿ ಡಾಂಬರಿಗೆ ಬರಿತಲೆ ಬಡಿದರೆ ಆ ವೇಗವೆಲ್ಲ ಒಮ್ಮೆಲೇ ನಿಲ್ಲುತ್ತದೆ, ಪೆಟ್ಟನ್ನು ಮಿದುಳು ತಿನ್ನುತ್ತದೆ. ಹೆಲ್ಮೆಟ್ಟಿನ ಒಳಗಿರುವ ಥರ್ಮಾಕೋಲಿನಂಥ ಪದರದ ಕೆಲಸ ತಾನು ಜಜ್ಜಿಹೋಗುತ್ತ ಆ ನಿಲುಗಡೆಯನ್ನು ಸ್ವಲ್ಪ ನಿಧಾನಗೊಳಿಸುವುದು. ಅಷ್ಟೇ ಅದರ ಗುಟ್ಟು. ತರಕಾರಿ ಅಂಗಡಿಗೆ ಹೊರಟ ತಲೆಗೂ ಬೆಂಗಳೂರಿಗೆ ಹೊರಟ ತಲೆಗೂ ಗುರುತ್ವಾಕರ್ಷಣೆ ಒಂದೇ.

2019ರ ಜನವರಿಯಲ್ಲಿ ಪುಣೆಯಲ್ಲಿ ಪೊಲೀಸರು ಹೆಲ್ಮೆಟ್ ಕಡ್ಡಾಯವನ್ನು ಬಿಗಿಗೊಳಿಸಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದರು. ಊರೊಳಗೆ ವೇಗ ಕಡಿಮೆ, ಹೆದ್ದಾರಿಗೆ ಮಾತ್ರ ಕಡ್ಡಾಯ ಮಾಡಿ ಎಂಬುದು ಅವರ ವಾದ. ಮೊದಲು ರಸ್ತೆ ಸರಿಮಾಡಿ ಎಂದವರೂ ಇದ್ದರು. ಗುಂಡಿಯ ಬಗೆಗಿನ ಸಿಟ್ಟು ಖಂಡಿತ ನ್ಯಾಯವಾದದ್ದು. ಆದರೆ ಗುಂಡಿ ಇರುವುದು ಹೆಲ್ಮೆಟ್ ಬೇಡ ಎನ್ನಲು ಕಾರಣವಾಗುವುದು ಹೇಗೆ? ಹಿಂದೆ ಕೂತವರಿಗೆ ಗುಂಡಿಯೂ ಕಾಣುವುದಿಲ್ಲ, ಬಣ್ಣ ಹಚ್ಚದ ಹಂಪೂ ಕಾಣುವುದಿಲ್ಲ. ಓಡಿಸುವವನು ಕಂಡು ಮೈ ಬಿಗಿ ಹಿಡಿಯುತ್ತಾನೆ. ಹಿಂದಿದ್ದವರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು ಹಿಡಿದು ಇದ್ದಕ್ಕಿದ್ದಂತೆ ಎಗರುತ್ತಾರೆ. ರಸ್ತೆ ಕೆಟ್ಟಷ್ಟೂ ಹೆಲ್ಮೆಟ್ ಹೆಚ್ಚು ಬೇಕಾದದ್ದು ಅವರಿಗೇ.

ಸೆಕೆ, ಹೂವು, ತುರುಬು, ಕತ್ತುನೋವು ಇವೆಲ್ಲ ನಿಜವಾದ ತೊಂದರೆಗಳು. ಮೇ ತಿಂಗಳ ಚೆನ್ನೈಯಲ್ಲಿ ಹೆಲ್ಮೆಟ್ ಹಾಕಿಕೊಳ್ಳುವುದು ಸುಖವಲ್ಲ. ಆದರೆ ಈ ತೊಂದರೆಗಳಿಗೆ ಪರಿಹಾರ ಸಿಗದಿರುವುದಕ್ಕೂ ಹಿಂದೆ ಕೂತವರನ್ನು ಯಾರೂ ಲೆಕ್ಕಕ್ಕೆ ಹಿಡಿಯದಿರುವುದೇ ಒಂದು ಕಾರಣ. ಮನೆಯಲ್ಲಿ ಇರುವ ಎರಡನೇ ಹೆಲ್ಮೆಟ್, ಇದ್ದರೆ, ಗಂಡನ ಹಳೆಯದು. ಅಳತೆ ದೊಡ್ಡದು, ಒಳಗಿನ ಬಟ್ಟೆ ಕೊಳೆ, ಪಟ್ಟಿಯ ಲಾಕ್ ಮುರಿದಿರುತ್ತದೆ. ಇಲ್ಲವೇ ರಸ್ತೆ ಬದಿಯಲ್ಲಿ ಕೊಂಡ ಟೋಪಿಯಂಥದ್ದು. ಐಎಸ್ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದು, ಮಾರುವುದು 2021ರ ಜೂನ್ 1ರಿಂದ ಕಾನೂನುಬಾಹಿರ. ಆದರೂ ಅದು ಎಲ್ಲ ಊರಿನ ಫುಟ್‌ಪಾತಿನಲ್ಲೂ ಸಿಗುತ್ತದೆ, ಅದರ ಗಿರಾಕಿಗಳು ಬಹುಪಾಲು ಕೊಳ್ಳುವುದು ಹಿಂದಿನ ಸೀಟಿಗೇ. ಸಾವಿರಾರು ರೂಪಾಯಿ ಕೊಟ್ಟು ತನಗೊಂದು, ನೂರಿನ್ನೂರಕ್ಕೆ ಹೆಂಡತಿಗೊಂದು. ಅಳತೆಗೆ ಸರಿಹೊಂದುವ, ಗಾಳಿಯಾಡುವ, ತಾನೇ ಆರಿಸಿಕೊಂಡ ಹೆಲ್ಮೆಟ್ ಕೊಟ್ಟು ನೋಡಿದ ಮೇಲೆ "ಅವಳಿಗೆ ಇಷ್ಟವಿಲ್ಲ" ಎಂದರೆ ಕೇಳಬಹುದು.

ವಾರಾಂತ್ಯದ ಬೈಕ್ ಪ್ರಯಾಣಗಳಲ್ಲಿ ಈ ತಾರತಮ್ಯ ಇನ್ನೂ ಎದ್ದು ಕಾಣುತ್ತದೆ. ಪುಣೆಯಿಂದ ತಾಮ್ಹಿಣಿ ಘಾಟಿಗೆ, ಬೆಂಗಳೂರಿನಿಂದ ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗೆ ಹೊರಡುವ ಎತ್ತರದ ಅಡ್ವೆಂಚರ್ ಬೈಕುಗಳನ್ನು ನೋಡಬೇಕು. ಓಡಿಸುವವನು ಜಾಕೆಟ್, ಮಂಡಿಗೆ ರಕ್ಷೆ, ದುಬಾರಿ ಫುಲ್‌ಫೇಸ್ ಹೆಲ್ಮೆಟ್ ಧರಿಸಿ ಯುದ್ಧಕ್ಕೆ ಹೊರಟವನಂತಿರುತ್ತಾನೆ. ಹಿಂದಿನವಳು ಹತ್ತಿಯ ಕುರ್ತಾದಲ್ಲಿ, ಟೋಪಿ ಹೆಲ್ಮೆಟ್ಟಿನಲ್ಲಿ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಪೆಡಲು, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ಸೀರೆ ಗಾರ್ಡ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಗಾಡಿ ಷೋರೂಮಿನಿಂದ ಹೊರಬಂದ ವಾರದಲ್ಲೇ ಅಂದಗೆಡಿಸುತ್ತದೆ ಎಂದು ಮೊದಲು ಬಿಚ್ಚಿಸುವುದು ಆ ಸೀರೆ ಗಾರ್ಡನ್ನೇ. ಆಮೇಲೆ ಹಿಡಿಕೆ. ಅದರ ಜಾಗಕ್ಕೆ ಪೆಟ್ಟಿಗೆ ಕಟ್ಟುವ ಚೌಕಟ್ಟು. ಮಣ್ಣಿನ ದಾರಿಗೆಂದು ಉಬ್ಬುಕಟ್ಟಿನ ಟೈರು ಹಾಕಿಸುತ್ತಾರೆ. ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಬ್ರೇಕ್ ಹಿಡಿದರೆ ನಿಲ್ಲಲು ಹೆಚ್ಚು ದೂರ ಬೇಕು ಎಂಬುದು ಹಿಂದೆ ಕೂತವರಿಗೆ ಯಾರೂ ಹೇಳುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಬೆಟ್ಟ ಹತ್ತುವ ಆಸೆ ತಪ್ಪಲ್ಲ. ತನ್ನ ಮೈಗೆ ಕವಚ ತೊಟ್ಟು, ಜೊತೆಯವರ ಹಿಡಿಕೆಯನ್ನೇ ಬಿಚ್ಚಿಡುವುದಕ್ಕೆ ಸಾಹಸ ಎಂಬ ಹೆಸರು ಸಲ್ಲದು.

ಸರಕಾರವೂ ಕಂಪನಿಗಳೂ ಇಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಗಾಡಿ ಕೊಳ್ಳುವಾಗ ತಯಾರಕರು ಒಂದು ಹೆಲ್ಮೆಟ್ ಕೊಡಬೇಕೆಂಬ ನಿಯಮ ಬಹಳ ಕಾಲದಿಂದ ಇದೆ. ಸೀಟು ಇಬ್ಬರಿಗೆ, ಹೆಲ್ಮೆಟ್ ಒಬ್ಬರಿಗೆ! ಎರಡು ಕೊಡಬೇಕೆಂಬ ಕರಡು ನಿಯಮವನ್ನು ಕೇಂದ್ರ ಹೊರಡಿಸಿದ್ದು 2025ರಲ್ಲಿ. ಎರಡು ಕೊಟ್ಟರೆ ಸಾಲದು, ಎರಡನೆಯದನ್ನು ಕೂರುವವರ ತಲೆಯ ಅಳತೆಗೆ ಕೊಡಬೇಕು. ಸಿಗ್ನಲ್ಲಿನ ಕ್ಯಾಮೆರಾಗಳು ಮುಂದಿನ ತಲೆಯ ಜೊತೆಗೆ ಹಿಂದಿನದನ್ನೂ ಎಣಿಸಬೇಕು. ಬೈಕ್ ಟ್ಯಾಕ್ಸಿ ನಡೆಸುವವರು ಗಿರಾಕಿಗೆ ಕೊಡುವ ಹೆಲ್ಮೆಟ್ ಕೈಯಲ್ಲಿ ಹಿಡಿಯಲು ಹೇಸಿಗೆಯಾಗದಂತೆ ಇರಬೇಕು.

ಕನ್ನಡ ಸಂಘಗಳು ಯಾರ ಆದೇಶಕ್ಕೂ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಕಾರ್ಯಕ್ರಮಕ್ಕೆ ಬಂದವರು ಎರಡು, ಮೂರು ಹೆಲ್ಮೆಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಮೂರು ಗಂಟೆ ಯಕ್ಷಗಾನ ನೋಡಲಾರರು. ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಒಂದು ಹಿಡಿಸಿದರೆ ಹೆಚ್ಚು. ಇಡಲು ಜಾಗವಿಲ್ಲ ಎಂಬುದೇ ಎಷ್ಟೋ ಮನೆಗಳಲ್ಲಿ ಎರಡನೇ ಹೆಲ್ಮೆಟ್ ಹೊರಗೆ ಬರದಿರಲು ಕಾರಣ. ಬಾಗಿಲಲ್ಲಿ ಚಪ್ಪಲಿ ಸ್ಟ್ಯಾಂಡ್ ಇರುವ ಕಡೆ ಅದರ ಪಕ್ಕದಲ್ಲೇ ಹೆಲ್ಮೆಟ್ಟಿಗೂ ಒಂದು ಸ್ಟ್ಯಾಂಡ್ ಇಟ್ಟು, ಟೋಕನ್ ಕೊಟ್ಟು ನೋಡಿಕೊಳ್ಳಲು ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸಬಹುದು. ರಾಜ್ಯೋತ್ಸವಕ್ಕೆ ಹಂಚುವ ಸ್ಟೀಲ್ ಡಬ್ಬಿಯ ಬದಲು ಒಂದು ವರ್ಷ ಮಕ್ಕಳ ಅಳತೆಯ ಹೆಲ್ಮೆಟ್ ಹಂಚಬಹುದು.

ಮನೆಯಲ್ಲಿ ಆಗಬೇಕಾದದ್ದು ಇನ್ನೂ ಸಣ್ಣದು. ಹಿಂದೆ ಕೂರುವವರು ಹೆಲ್ಮೆಟ್ ಧರಿಸಿ ಪಟ್ಟಿ ಕಟ್ಟಿಕೊಳ್ಳುವವರೆಗೆ ಓಡಿಸುವವರು ಗಾಡಿಯ ಕೀಲಿ ತಿರುಗಿಸಬಾರದು. ಹೂವು ಬಾಡುತ್ತದೆ, ನಿಜ. ಅದನ್ನು ಎಲೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗಿ, ಸಭಾಂಗಣದ ಬಾಗಿಲಲ್ಲಿ ಮುಡಿದುಕೊಳ್ಳಬಹುದು.